ಎದುರು ಗಾಡಿ ಬರುವ ತನಕ

ಹೋದ ತಿಂಗಳು ಮೈಸೂರಿಗೆ ಹೊರಟಿದ್ದೆ. ಕೆಂಗೇರಿ ಬಿಟ್ಟು ಹತ್ತು ನಿಮಿಷ ಆಗಿರಲಿಲ್ಲ, ಸ್ಟೀಲ್ ಬುಟ್ಟಿ ಹೊತ್ತವನೊಬ್ಬ ಬೋಗಿಯೊಳಗೆ ಬಂದ. ‘ಮದ್ದೂರ್ ವಡೇ, ಬಿಸಿ ಬಿಸಿ ಮದ್ದೂರ್ ವಡೇ’. ಕೊರಳಲ್ಲಿ ನೇತಾಡುತ್ತಿದ್ದ ಕ್ಯೂಆರ್ ಕೋಡಿಗೆ ಫೋನ್ ಹಿಡಿದು ಎರಡು ತೆಗೆದುಕೊಂಡೆ. ಬಿಸಿಯೇನೂ ಇರಲಿಲ್ಲ, ಅದಿರಲಿ. ಬಿಡದಿ ಹೋಯಿತು, ರಾಮನಗರದ ಬಂಡೆಗಳು ಹೋದವು, ಚನ್ನಪಟ್ಟಣ ಹೋಯಿತು. ಮದ್ದೂರು ಬರುವ ಹೊತ್ತಿಗೆ ಮದ್ದೂರು ವಡೆ ತಿಂದು, ಕಾಗದವನ್ನು ಮುದ್ದೆ ಮಾಡಿ ಎಸೆದೂ ಆಗಿತ್ತು. ರೈಲು ಮದ್ದೂರಿನಲ್ಲಿ ನಿಂತಿತೋ ನಿಲ್ಲಲಿಲ್ಲವೋ ಅನ್ನುವಷ್ಟು ಹೊತ್ತು ನಿಂತು ಹೊರಟಿತು. ಹತ್ತುವವರು ಹತ್ತಿದರು, ಇಳಿಯುವವರು ಇಳಿದರು, ಕಿಟಕಿಯ ಹತ್ತಿರ ಯಾರೂ ಬರಲಿಲ್ಲ. ಶಿಂಷಾ ಹೊಳೆಯ ಕಡೆ ನೋಡುತ್ತಾ ಕೂತವನಿಗೆ ಏನೋ ಲೆಕ್ಕ ತಪ್ಪಿದ ಹಾಗೆ ಅನಿಸಲು ಶುರುವಾಯಿತು. ವಡೆ ಈ ಸ್ಟೇಷನ್ನಿನದು. ಆದರೆ ಆ ವಡೆಗೆ ಈಗ ಈ ಸ್ಟೇಷನ್ ಬೇಡ. ಹಾಗಾದರೆ ಮೊದಲು ಯಾಕೆ ಬೇಕಿತ್ತು?

ಇದಕ್ಕೆ ಸುಲಭದ ಉತ್ತರ ಎಲ್ಲರಿಗೂ ಬರುತ್ತದೆ: ಕಾಲ ಬದಲಾಯಿತು, ಹಳೆಯದೆಲ್ಲ ಹೋಯಿತು. ಆ ಉತ್ತರದಲ್ಲಿ ನನಗೆ ನಂಬಿಕೆ ಇಲ್ಲ. ಕಾಲ ತಾನಾಗಿ ಏನನ್ನೂ ಬದಲಾಯಿಸುವುದಿಲ್ಲ. ಬದಲಾದದ್ದು ಹಳಿ, ಗೇಜು, ಸಿಗ್ನಲ್ಲು, ಕಿಟಕಿ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ರೈಲು ಒಂದು ಊರಿನಲ್ಲಿ ಎಷ್ಟು ಹೊತ್ತು ನಿಲ್ಲಲೇಬೇಕು ಅನ್ನುವುದು.

ಕ್ರಾಸಿಂಗ್

ಮೀಟರ್ ಗೇಜಿನ, ಅಂದರೆ ಕಿರಿದಾದ ಹಳಿಯ ಕಾಲದಲ್ಲಿ ಬೆಂಗಳೂರು ಮೈಸೂರಿನ ನಡುವೆ ಓಡಾಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಇದ್ದದ್ದು ಒಂದೇ ಹಳಿ. ಎದುರಿನಿಂದ ಇನ್ನೊಂದು ಗಾಡಿ ಬರುತ್ತಿದೆ ಎಂದರೆ ಇಬ್ಬರಲ್ಲಿ ಒಬ್ಬರು ಯಾವುದಾದರೂ ಸ್ಟೇಷನ್ನಿನ ಲೂಪ್ ಲೈನಿಗೆ, ಅಂದರೆ ಪಕ್ಕದ ಹಳಿಗೆ ಸರಿದು ದಾರಿ ಬಿಡಬೇಕು. ‘ಯಾಕೆ ನಿಂತಿದೆ?’ ಎಂದು ಕೇಳಿದರೆ ಇಡೀ ಬೋಗಿಗೆ ಗೊತ್ತಿದ್ದ ಉತ್ತರ ‘ಕ್ರಾಸಿಂಗ್’. ಅದಕ್ಕೆ ಯಾರೂ ಸಿಡಿಮಿಡಿ ಮಾಡುತ್ತಿರಲಿಲ್ಲ. ಪ್ರಯಾಣ ಎಂದರೆ ಅದೂ ಸೇರಿಯೇ.

ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಗೆ ಹೋಗುವಾಗಿನ ಒಂದು ಕ್ರಾಸಿಂಗ್ ನನಗೆ ಇಂದಿಗೂ ಚೆನ್ನಾಗಿ ನೆನಪಿದೆ. ನಮ್ಮ ಗಾಡಿ ಮದ್ದೂರಿನಲ್ಲಿ ಲೂಪಿಗೆ ಸರಿದು ನಿಂತಿತು. ಅಪ್ಪ ನೀರು ತರಲು ಕೂಜಾ ಹಿಡಿದು ಇಳಿದರು. ಅಮ್ಮನಿಗೆ ಆತಂಕ ಶುರುವಾಯಿತು. ಅಪ್ಪ ಇಳಿದಾಗಲೆಲ್ಲ ರೈಲು ಅವರನ್ನು ಬಿಟ್ಟು ಹೊರಟೇ ಬಿಡುತ್ತದೆ ಎಂದು ಅಮ್ಮ ಕೊನೆಯ ತನಕ ನಂಬಿದ್ದರು. ಕಿಟಕಿಯ ಸರಳುಗಳ ನಡುವೆ ಮುಖ ಇಟ್ಟು ‘ಬನ್ನಿ, ಬನ್ನೀಂದ್ರೆ’ ಎಂದು ಕೂಗುತ್ತಿದ್ದರು. ಕಿಟಕಿಯ ಕೆಳಗೆ ನಿಂತಿದ್ದ ವಡೆಯವನು ತಲೆ ಎತ್ತಿ ನೋಡಿ, ಒಂಚೂರೂ ಅವಸರ ಇಲ್ಲದ ದನಿಯಲ್ಲಿ ಹೇಳಿದ: ‘ಎದುರ್ ಗಾಡಿ ಇನ್ನೂ ಮಂಡ್ಯ ಬುಟ್ಟಿಲ್ಲ ಕಣವ್ವ. ಕುಂತ್ಕಳಿ ಆರಾಮಾಗಿ.’

ಅವನಿಗೆ ಅದು ಹೇಗೆ ಗೊತ್ತು ಎಂಬುದು ನನಗೆ ಆಮೇಲೆ ಹೊಳೆಯಿತು. ಪ್ಲಾಟ್‌ಫಾರಂನಲ್ಲಿ ಒಂದು ಹಳಿ ತುಂಡು ನೇತುಹಾಕಿರುತ್ತಿದ್ದರು. ಪಕ್ಕದ ಸ್ಟೇಷನ್ನಿನಿಂದ ಗಾಡಿ ಬಿಟ್ಟಿತು ಎಂಬ ಸುದ್ದಿ ಸ್ಟೇಷನ್ ಮಾಸ್ತರರ ಕೋಣೆಗೆ ಬಂದ ಮೇಲೆ ಪೋರ್ಟರು ಬಂದು ಅದಕ್ಕೆ ಕಬ್ಬಿಣದ ಸರಳಿನಿಂದ ಬಡಿಯುತ್ತಿದ್ದ. ವಡೆಯವನು ಕಾಯುತ್ತಿದ್ದದ್ದು ಆ ಸದ್ದಿಗೆ. ಅದು ಕೇಳುವ ತನಕ ಅವನದು ನಿಧಾನದ ವ್ಯಾಪಾರ. ಎಣಿಸಿ ಚಿಲ್ಲರೆ ಕೊಡುತ್ತಿದ್ದ, ‘ಗರಿಗರಿ ಐತೆ ನೋಡಿ’ ಎಂದು ಮುರಿದು ತೋರಿಸುತ್ತಿದ್ದ, ಮಕ್ಕಳನ್ನು ಮಾತಾಡಿಸುತ್ತಿದ್ದ. ಬಡಿದ ಮೇಲೆ ಅವನ ನಡಿಗೆಯೇ ಬೇರೆ. ಈ ಗಾಡಿಯಲ್ಲಿ ಕೊಡಬೇಕಾದ್ದನ್ನು ಕೊಟ್ಟು ಮುಗಿಸಬೇಕು, ಎದುರು ಗಾಡಿ ನಿಲ್ಲುವಂಥದ್ದಾದರೆ ಅದರ ಕಡೆಗೂ ಓಡಬೇಕು. ಒಂದು ಕ್ರಾಸಿಂಗ್ ಎಂದರೆ ಅವನಿಗೆ ಎರಡು ರೈಲಿನ ಗಿರಾಕಿ.

ಆ ದಿನದ ಎದುರು ಗಾಡಿ ನಿಲ್ಲುವಂಥದ್ದಾಗಿರಲಿಲ್ಲ. ಹಾಗಾಗಿ ನಾನು ಇನ್ನೊಂದು ಸಂಗತಿ ನೋಡಿದೆ. ಹಳಿ ಬದಲಿಸುವ ಕೆಲಸದ ಪಾಯಿಂಟ್ಸ್‌ಮನ್ ಹಳಿಯ ಪಕ್ಕದಲ್ಲಿ ಬೆತ್ತದ ದೊಡ್ಡ ಬಳೆಯೊಂದನ್ನು ಎತ್ತಿ ಹಿಡಿದು ನಿಂತಿದ್ದ. ಬಳೆಗೆ ಒಂದು ಚರ್ಮದ ಚೀಲ, ಚೀಲದೊಳಗೆ ಲೋಹದ ಚೆಂಡು. ಅದೇ ಟೋಕನ್ನು. ಅದು ಕೈಯಲ್ಲಿ ಇಲ್ಲದೆ ಡ್ರೈವರು ಮುಂದಿನ ಸ್ಟೇಷನ್ನಿನ ತನಕದ ಹಳಿಗೆ ಗಾಡಿ ನುಗ್ಗಿಸುವ ಹಾಗಿಲ್ಲ. ಚೆಂಡುಗಳನ್ನು ಇಡುವ ಎರಡೂ ಸ್ಟೇಷನ್ನಿನ ಯಂತ್ರಗಳನ್ನು ತಂತಿಯಿಂದ ಜೋಡಿಸಿರುತ್ತಾರೆ, ಒಂದು ಚೆಂಡು ಹೊರಗಿದ್ದಾಗ ಇನ್ನೊಂದು ಹೊರಬರುವುದಿಲ್ಲ. ಎಂಜಿನ್ನಿನಿಂದ ಹೊರಗೆ ಬಾಗಿದ ಒಬ್ಬ ಮೊದಲು ತಾನು ತಂದ ಬಳೆಯನ್ನು ಕೆಳಕ್ಕೆ ಎಸೆದ, ಮರುಕ್ಷಣ ತೋಳನ್ನು ಈ ಬಳೆಯೊಳಗೆ ತೂರಿಸಿ ಕಿತ್ತುಕೊಂಡ. ಧೂಳು, ಸದ್ದು, ಕಿಟಕಿಗಳ ಸಾಲು, ಕಡೆಯಲ್ಲಿ ಗಾರ್ಡಿನ ಹಸಿರು ಬಾವುಟ. ಎಸೆದ ಬಳೆ ನೆಲದ ಮೇಲೆ ಸ್ವಲ್ಪ ದೂರ ಉರುಳಿ ಬಿತ್ತು. ಪಾಯಿಂಟ್ಸ್‌ಮನ್ ಅದನ್ನು ಎತ್ತಿಕೊಂಡು ಮಾಸ್ತರರ ಕೋಣೆಗೆ ಹೋದ. ಎದುರು ಗಾಡಿಯವರು ತಂದ ಚೆಂಡು ಯಂತ್ರದೊಳಗೆ ಬಿದ್ದ ಮೇಲೇ ನಮ್ಮ ಗಾಡಿಗೆ ಚೆಂಡು ಸಿಕ್ಕಬೇಕು. ಎದುರಿನವರು ಬಂದು ಕೊಟ್ಟರೆ ಮಾತ್ರ ನಾವು ಮುಂದೆ ಹೋಗಬಹುದು ಎನ್ನುವ ಈ ಏರ್ಪಾಡು ಆ ವಯಸ್ಸಿಗೆ ನನಗೆ ಮಹಾ ನ್ಯಾಯವಾಗಿ ಕಂಡಿತ್ತು.

ಅಪ್ಪ ಅಷ್ಟರಲ್ಲಿ ಹತ್ತಿದ್ದರು. ಕೂಜಾ ತುಂಬಿತ್ತು. ಅಮ್ಮ ಮಂಡ್ಯದ ತನಕ ಅವರೊಂದಿಗೆ ಮಾತಾಡಲಿಲ್ಲ.

ಬೇಗ ಬಂದ ರೈಲು

ಈಗ ವಡೆಯ ಕಥೆ. ಎಲ್ಲರೂ ಕೇಳಿರುವುದೇ. 1917ರಲ್ಲಿ ಮದ್ದೂರು ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬವರು ಒಂದು ದಿನ ಹಿಟ್ಟು ಕಲಸಿಕೊಂಡಿದ್ದರಂತೆ. ಇನ್ನೂ ಕರಿಯುವ ಹೊತ್ತಾಗಿರಲಿಲ್ಲ, ರೈಲು ಬಂದೇ ಬಿಟ್ಟಿತಂತೆ. ಉಂಡೆ ಕಟ್ಟಿ ನಿಧಾನಕ್ಕೆ ಬೇಯಿಸಲು ಸಮಯವಿಲ್ಲ. ಹಿಟ್ಟನ್ನು ಅಂಗೈಯಲ್ಲಿ ಚಪ್ಪಟೆ ತಟ್ಟಿ ಎಣ್ಣೆಗೆ ಬಿಟ್ಟರಂತೆ. ತಿಂದವರು ಮತ್ತೆ ಕೇಳಿದರಂತೆ.

ಇಂಥ ಕಥೆಗಳು ಬಾಯಿಂದ ಬಾಯಿಗೆ ಬರುವಾಗ ನುಣುಪಾಗುತ್ತವೆ. ಆದರೂ ಇದು ನನಗೆ ಇಷ್ಟ, ಅದರಲ್ಲೂ ಒಂದು ಕಾರಣಕ್ಕೆ. ಇಡೀ ಕಥೆ ನಿಂತಿರುವುದು ರೈಲು ಬೇಗ ಬಂತು ಎಂಬುದರ ಮೇಲೆ! ನಮ್ಮ ದೇಶದಲ್ಲಿ ರೈಲು ತಡವಾಗಿ ಏನೇನೋ ಆದ ಕಥೆಗಳಿಗೆ ಲೆಕ್ಕವಿಲ್ಲ, ಬೇಗ ಬಂದು ಆದದ್ದು ಇದೊಂದೇ ಇರಬೇಕು. ಅವಸರದಲ್ಲಿ ಹುಟ್ಟಿದ ವಡೆ ಆಮೇಲೆ ಬದುಕಿದ್ದು ಮಾತ್ರ ತಡದಲ್ಲಿ. ರೈಲು ನಿಂತಷ್ಟು ಹೊತ್ತೂ ಅದು ಖರ್ಚಾಯಿತು.

ಕೊಂಚ ಅಡುಗೆಮನೆಯ ಕಣ್ಣಿನಿಂದ ನೋಡಿದರೆ ಈ ವಡೆ ಎಷ್ಟು ರೈಲಿಗಾಗಿಯೇ ಇದೆ ಎಂಬುದು ಕಾಣುತ್ತದೆ. ಬೇಳೆ ನೆನೆಹಾಕುವುದಿಲ್ಲ, ರುಬ್ಬುವುದಿಲ್ಲ. ಅಕ್ಕಿ ಹಿಟ್ಟು, ಮೈದಾ, ಚಿರೋಟಿ ರವೆ, ಕಾದ ಎಣ್ಣೆಯೋ ತುಪ್ಪವೋ ಒಂದಿಷ್ಟು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು. ಎಂಟು ಗಂಟೆ ಹೊತ್ತು ಮುಂಚೆಯೇ ಯೋಚನೆ ಮಾಡಬೇಕಾದ ತಿಂಡಿಯಲ್ಲ. ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಜನ ಇರುತ್ತಾರೆ ಎಂದು ಹೇಳಲಾಗದ ಕಡೆ ಇದಕ್ಕಿಂತ ಅನುಕೂಲದ ಹಿಟ್ಟು ಬೇರೆ ಇಲ್ಲ. ಇನ್ನು ಆಕಾರ. ಚಪ್ಪಟೆಯಾಗಿರುವುದರಿಂದ ಕಿಟಕಿಯ ಎರಡು ಸರಳುಗಳ ನಡುವೆ ಪೊಟ್ಟಣದ ಸಮೇತ ಸಲೀಸಾಗಿ ಒಳಗೆ ಬರುತ್ತದೆ. ಚಟ್ನಿ ಬೇಡ, ಎಲೆ ಬೇಡ, ಕೈ ತೊಳೆಯುವ ತಾಪತ್ರಯ ಇಲ್ಲ. ಇಡ್ಲಿಗೆ ತಟ್ಟೆ ಬೇಕು, ತಟ್ಟೆಯನ್ನು ವಾಪಸು ಕೊಡುವ ತನಕ ರೈಲು ನಿಲ್ಲಬೇಕು. ವಡೆಗೆ ಅದೆಲ್ಲ ಇಲ್ಲ. ಆರಿದ ಮೇಲೂ ತಿನ್ನಬಹುದು, ಮಾರನೆಯ ದಿನಕ್ಕೂ ಕೆಡುವುದಿಲ್ಲ. ಕೆಂಗೇರಿಯಿಂದಾಚೆ ನನ್ನ ಕೈ ಸೇರಿದ ಆರಿದ ವಡೆ ಅದಕ್ಕೆ ಸಾಕ್ಷಿ.

ಹೀಗೆ ಎಲ್ಲಿಗೆ ಬೇಕಾದರೂ ಹೋಗಬಲ್ಲ ಗುಣವೇ ಕೊನೆಗೆ ಅದನ್ನು ಸ್ಟೇಷನ್ನಿನಿಂದ ಬಿಡಿಸಿಕೊಂಡು ಹೋಯಿತು. ಮೊದಲು ಪ್ಲಾಟ್‌ಫಾರಂನಿಂದ ಬೋಗಿಯೊಳಕ್ಕೆ, ಆಮೇಲೆ ಹೆದ್ದಾರಿಯ ಹೋಟೆಲುಗಳಿಗೆ, ಆಮೇಲೆ ಬೆಂಗಳೂರಿನ ಬೇಕರಿಗಳಿಗೆ. ಈಗ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಅಮೆರಿಕದ ಇಂಡಿಯನ್ ಅಂಗಡಿಗಳಲ್ಲೂ ಸಿಗುತ್ತದೆ ಎಂದು ಅಲ್ಲಿರುವ ನೆಂಟರು ಫೋಟೋ ಕಳಿಸುತ್ತಾರೆ. ಹೆಸರಿನಲ್ಲಿ ಮಾತ್ರ ಮದ್ದೂರು ಉಳಿದಿದೆ.

ಬರದ ಹಳಿ

ಈ ಹಳಿ ಬಂದದ್ದು ವಡೆ ಮಾರಲಿಕ್ಕಂತೂ ಅಲ್ಲ. ಮೈಸೂರಿನ ಅರಸರು ಬೆಂಗಳೂರಿಗೆ ಆರಾಮವಾಗಿ ಹೋಗಿ ಬರಲಿ ಎಂದು ರೈಲು ಹಾಕಿದರು ಅಂತ ನಾನು ಚಿಕ್ಕಂದಿನಲ್ಲಿ ಕೇಳಿದ್ದೆ. ನಿಜವಾದ ಕಥೆಗೆ ಅಷ್ಟು ಥಳಕು ಇಲ್ಲ. 1876ರಿಂದ 78ರ ತನಕದ ಬರಗಾಲ ಸಂಸ್ಥಾನವನ್ನು ಅಲುಗಾಡಿಸಿತ್ತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷದಷ್ಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಮದರಾಸಿನ ಕಡೆಯಿಂದ ರೈಲು ಬೆಂಗಳೂರಿಗೆ 1864ರಲ್ಲೇ ಬಂದಿತ್ತು. ಧಾನ್ಯ ಅಲ್ಲಿಯ ತನಕ ರೈಲಿನಲ್ಲಿ ಬರುತ್ತಿತ್ತು. ಅಲ್ಲಿಂದ ಈಚೆಗೆ ಎತ್ತಿನ ಗಾಡಿಯೇ ಗತಿ, ಎತ್ತುಗಳಿಗೂ ಮೇವಿಲ್ಲದ ಕಾಲದಲ್ಲಿ. ಬೆಂಗಳೂರು ಮೈಸೂರು ಮಾರ್ಗ ಬರ ಪರಿಹಾರದ ಕಾಮಗಾರಿಯಾಗಿ ಮೇಲೆದ್ದಿತು. ಕೂಲಿಗೆ ಬಂದ ಹಸಿದವರು ಮಣ್ಣು ಹೊತ್ತು ಏರಿ ಕಟ್ಟಿದರು. 1881ರಲ್ಲಿ ಹಳಿ ತುಂಡು ತುಂಡಾಗಿ ಚನ್ನಪಟ್ಟಣ, ಮದ್ದೂರು, ಮಂಡ್ಯ ಎಂದು ಮುಂದುವರಿಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿ ಕೊಟ್ಟಿದ್ದರು, ರಂಗಾಚಾರ್ಲು ದಿವಾನರಾಗಿದ್ದರು. 1882ರ ಫೆಬ್ರವರಿಯಲ್ಲಿ ರೈಲು ಮೈಸೂರು ಮುಟ್ಟಿತು. ಆಮೇಲೆ ಕಂಪನಿಯ ಕೈ, ಮತ್ತೆ ಸಂಸ್ಥಾನದ ಕೈ, 1951ರಲ್ಲಿ ದಕ್ಷಿಣ ರೈಲ್ವೆ, 2003ರಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆ. ಮದ್ದೂರಿನ ಬೋರ್ಡಿನ ಕೆಳಗೆ ಯಜಮಾನರು ಬದಲಾಗುತ್ತಾ ಹೋದರು.

ಒಂದು ಕಾಲಕ್ಕೆ ಶಿವನಸಮುದ್ರ ನೋಡಲು ಹೋಗುವವರು ರೈಲಿನಿಂದ ಇಳಿಯುತ್ತಿದ್ದದ್ದು ಮದ್ದೂರಿನಲ್ಲಿ. ಅಲ್ಲಿಂದ ಮಳವಳ್ಳಿ ದಾರಿ ಹಿಡಿಯಬೇಕು. 1902ರಲ್ಲಿ ಆ ಜಲಪಾತದ ಹತ್ತಿರ ಹುಟ್ಟಿದ ಕರೆಂಟು ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಪಕ್ಕದಲ್ಲೇ ಇದ್ದ ಈ ಹಳಿಯ ಮೇಲೆ ಕರೆಂಟಿನ ರೈಲು ಓಡಲು ಅಲ್ಲಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು ಎಂಬುದು ನನಗೆ ಆಗಾಗ ನೆನಪಾಗುವ ವಿಚಿತ್ರ.

ಸರಕಿನ ಮಾತೂ ಒಂದಿದೆ. ಕಬ್ಬು, ಬೆಲ್ಲ, ಭತ್ತ, ತೆಂಗು ತುಂಬಿದ ಸೀಮೆ ಇದು. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಮುಂಬಯಿ, ದೆಹಲಿ ತನಕ ಕಾಯಿ ಹೋಗುತ್ತದೆ, ಹೋಗುವುದು ಲಾರಿಯಲ್ಲಿ. ಹತ್ತು ಮೂಟೆ, ಇಪ್ಪತ್ತು ಬುಟ್ಟಿ ಎಂದು ಚಿಲ್ಲರೆ ಸರಕನ್ನು ಊರೂರಿನಲ್ಲಿ ಹತ್ತಿಸಿಕೊಂಡು ಇಳಿಸುವ ಕೆಲಸವನ್ನು ರೈಲ್ವೆ ದೇಶದುದ್ದಕ್ಕೂ ಎಂದೋ ಕೈಬಿಟ್ಟಿತು. ಈಗ ಬೇಕಾದರೆ ಇಡೀ ರೇಕು, ಅಂದರೆ ಒಂದು ಗಾಡಿಯ ಅಷ್ಟೂ ವ್ಯಾಗನ್ನು ತುಂಬಿಸಿ ಕೊಡಬೇಕು. ಕಾರಣ ಅದೇ, ಚಿಕ್ಕ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ನಿಂತಷ್ಟು ಹೊತ್ತೂ ನಷ್ಟ.

ಉಳಿಸಿದ ನಿಮಿಷಗಳು

1993ರಲ್ಲಿ ಬ್ರಾಡ್ ಗೇಜ್, ಅಂದರೆ ಅಗಲ ಹಳಿ ಬಂತು. ಬೋಗಿಗಳು ಅಗಲವಾದವು, ವೇಗ ಹೆಚ್ಚಿತು. ಆದರೂ ಹಳಿ ಒಂದೇ ಇತ್ತು, ಕ್ರಾಸಿಂಗ್ ಇತ್ತು, ವಡೆಯವರೂ ಇದ್ದರು. ನಿಜವಾದ ವ್ಯತ್ಯಾಸ ಆದದ್ದು ಜೋಡಿ ಹಳಿ ಬಿದ್ದಾಗ. ಆ ಕೆಲಸ ವರ್ಷಗಟ್ಟಲೆ ಎಳೆಯಿತು. ಶ್ರೀರಂಗಪಟ್ಟಣದಲ್ಲಿ ಹಳಿಯ ದಾರಿಗೆ ಟಿಪ್ಪುವಿನ ಮದ್ದಿನ ಮನೆ, ಅಂದರೆ ಸಿಡಿಮದ್ದು ಇಡುವ ಕಟ್ಟಡ ಅಡ್ಡ ಇತ್ತು. ಒಡೆಯುವಂತಿಲ್ಲ, ಹಾಗೇ ಬಿಡುವಂತೆಯೂ ಇಲ್ಲ. 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಇನ್ನೂರು ವರ್ಷದ ಗೋಡೆ ಅಂಗುಲ ಅಂಗುಲವಾಗಿ ಸರಿಯುವುದನ್ನು ನೋಡಲು ಜನ ಬಂದು ನಿಲ್ಲುತ್ತಿದ್ದರು. ರೈಲು ನಿಲ್ಲದೆ ಹೋಗಲಿ ಎಂದು ಟಿಪ್ಪುವಿನ ಮದ್ದಿನ ಮನೆಯೇ ಎದ್ದು ದಾರಿ ಬಿಟ್ಟ ಮೇಲೆ ಮದ್ದೂರಿನ ವಡೆಯವನು ಯಾವ ಲೆಕ್ಕ!

(ಟಿಪ್ಪುವಿನ ಮಾತು ಬಂತು, ಹೇಳಿಬಿಡುತ್ತೇನೆ. ಇದೇ ಹಳಿಯ ಮೇಲೆ ಓಡುವ ಟಿಪ್ಪು ಎಕ್ಸ್‌ಪ್ರೆಸ್ಸು 2022ರಲ್ಲಿ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಟಿವಿಯಲ್ಲಿ ವಾರಗಟ್ಟಲೆ ಚರ್ಚೆ ನಡೆಯಿತು. ದಿನಾ ಅದರಲ್ಲಿ ಹೋಗುವವರು ‘ಟಿಪ್ಪು ಹೋಯ್ತಾ?’ ಎಂದೇ ಕೇಳುತ್ತಾರೆ.)

ಜೋಡಿ ಹಳಿ ಬಂದ ಮೇಲೆ ಎದುರು ಗಾಡಿಗೆ ಕಾಯುವ ಪ್ರಮೇಯವೇ ಇಲ್ಲ. ಅದು ಪಕ್ಕದ ಹಳಿಯಲ್ಲಿ ಕಿಟಕಿ ನಡುಗಿಸಿ ಹೋಗುತ್ತದೆ, ಅಷ್ಟೆ. ಬೆತ್ತದ ಬಳೆ, ಲೋಹದ ಚೆಂಡು, ನೇತಾಡುವ ಹಳಿ ತುಂಡು ಯಾವುದೂ ಬೇಕಿಲ್ಲ. ಇದರ ಜೊತೆಗೆ ಕಿಟಕಿಯೂ ಬದಲಾಯಿತು. ಶತಾಬ್ದಿಗೆ ತೆರೆಯದ ಗಾಜು, 2022ರ ನವೆಂಬರಿನಲ್ಲಿ ಬಂದ ಚೆನ್ನೈ ಮೈಸೂರು ವಂದೇ ಭಾರತಕ್ಕೆ ಬಾಗಿಲೂ ತಾನಾಗೇ ಮುಚ್ಚಿಕೊಳ್ಳುತ್ತದೆ. ಅವು ಮದ್ದೂರಿನಲ್ಲಿ ನಿಲ್ಲುವುದೂ ಇಲ್ಲ, ನಿಂತರೂ ಕೈ ಹೊರಗೆ ಬರುವುದಿಲ್ಲ. ಒಮ್ಮೆ ವಂದೇ ಭಾರತದೊಳಗೆ ಕೂತು ಈ ಸ್ಟೇಷನ್ ದಾಟಿದ್ದೇನೆ. ಹಳದಿ ಬೋರ್ಡಿನ ಮೂರು ಲಿಪಿಗಳಲ್ಲಿ ಒಂದನ್ನೂ ಪೂರ್ತಿ ಓದಲಾಗಲಿಲ್ಲ.

ರಸ್ತೆಯದೂ ಇದೇ ಕಥೆ, ಇನ್ನೂ ಬೇಗ ನಡೆಯಿತು. ಸ್ಟೇಷನ್ನಿನಿಂದ ಎದ್ದುಹೋದ ವಡೆ ಹೆದ್ದಾರಿಯ ಬದಿಯಲ್ಲಿ ಒಂದಷ್ಟು ದಶಕ ಸುಖವಾಗಿತ್ತು. ಕಾರಿನವರು ನಿಲ್ಲಿಸಿ ತಿಂಡಿ ಕಾಫಿ ಮುಗಿಸಿ ಪಾರ್ಸಲ್ ಕಟ್ಟಿಸಿಕೊಳ್ಳುತ್ತಿದ್ದರು. 2023ರ ಮಾರ್ಚ್ 12ರಂದು ಬೆಂಗಳೂರು ಮೈಸೂರು ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾಯಿತು. ಸಮಾರಂಭ ನಡೆದದ್ದು ಗೆಜ್ಜಲಗೆರೆಯಲ್ಲಿ, ಅಂದರೆ ಮದ್ದೂರು ತಾಲ್ಲೂಕಿನಲ್ಲೇ. ಮದ್ದೂರನ್ನು ಬಿಟ್ಟು ಹೋಗುವ ರಸ್ತೆಗೆ ಮದ್ದೂರಿನವರೇ ಶಾಮಿಯಾನದ ಕೆಳಗೆ ಕೂತು ಚಪ್ಪಾಳೆ ತಟ್ಟಿದರು. ಹಳೆಯ ರಸ್ತೆಯ ಹೋಟೆಲುಗಳ ಮುಂದೆ ಕಾರುಗಳು ಕಡಿಮೆಯಾಗಿ ಗಲ್ಲಾಪೆಟ್ಟಿಗೆ ಹಗುರವಾದ ಸುದ್ದಿ ರಾಮನಗರ, ಚನ್ನಪಟ್ಟಣದಿಂದಲೂ ಬಂತು. ಗೊಂಬೆಯವರ ಗೋಳೂ ಇದೇ.

ಒಟ್ಟಿನಲ್ಲಿ ನನ್ನ ಲೆಕ್ಕ ಹೀಗೆ ನಿಂತಿತು. ರೈಲಿನ ಅಭಿವೃದ್ಧಿ ಅಂತ ನಾವು ಕರೆಯುವುದೆಲ್ಲ ಉಳಿಸಿದ ನಿಮಿಷಗಳ ಲೆಕ್ಕ. ಬೆಂಗಳೂರು ಮೈಸೂರಿನ ನಡುವೆ ಇಪ್ಪತ್ತು ನಿಮಿಷ ಉಳಿಯಿತು ಎಂದರೆ ಆ ಇಪ್ಪತ್ತು ನಿಮಿಷವನ್ನು ಎಲ್ಲಿಂದಲೋ ತೆಗೆದಿರಬೇಕಲ್ಲ. ತೆಗೆದದ್ದು ನಡುವಿನ ಊರುಗಳಿಂದ. ಬಿಡದಿಯಿಂದ ನಾಲ್ಕು, ಶೆಟ್ಟಿಹಳ್ಳಿಯಿಂದ ಎರಡು, ಮದ್ದೂರಿನಿಂದ ಆರು. ಆ ನಿಮಿಷಗಳ ಮೇಲೆ ಯಾರ್ಯಾರೋ ಜೀವನ ಮಾಡಿಕೊಂಡಿದ್ದರು.

ಹೀಗೆ ಲೆಕ್ಕ ಹಾಕಿ ಒಂದು ಥರದ ಸಾತ್ವಿಕ ಸಿಟ್ಟಿನಲ್ಲಿ ಇದ್ದೆ. ಬರೆದು ಮುಗಿಸಿಬಿಡಬಹುದಿತ್ತು. ವಾಪಸು ಬಂದ ಮೇಲೆ ಮತ್ತೊಂದು ಸಂಜೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದ್ದರಿಂದ ಅಷ್ಟಕ್ಕೇ ನಿಲ್ಲಿಸಲಾಗಲಿಲ್ಲ.

ಪಾಸಿನವರು

ಚಾಮುಂಡಿ ಬೆಳಿಗ್ಗೆ ಮೈಸೂರಿನಿಂದ ಹೊರಟು ಕೆಲಸಕ್ಕೆ ಹೋಗುವವರನ್ನು ಆಫೀಸಿನ ಹೊತ್ತಿಗೆ ಬೆಂಗಳೂರು ಸೇರಿಸುತ್ತದೆ, ಸಂಜೆ ಅವರನ್ನೆಲ್ಲ ಹೊತ್ತು ವಾಪಸು ಹೊರಡುತ್ತದೆ. ಅದರಲ್ಲಿ ಸಂಜೆ ಹೊತ್ತು ಸೀಟು ಸಿಕ್ಕುವುದು ಎಂದರೆ ಪಾಸಿನವರ ದಯೆ. ಅವರಿಗೆ ಅವರದೇ ಬೋಗಿ, ಅವರದೇ ಮೂಲೆ, ಅವರದೇ ಶಿಸ್ತು. ಕೆಂಗೇರಿಯಲ್ಲಿ ಹತ್ತುವವನಿಗೆ ಮೆಜೆಸ್ಟಿಕ್ಕಿನಲ್ಲೇ ಒಬ್ಬ ಬ್ಯಾಗು ಇಟ್ಟು ಜಾಗ ಹಿಡಿದಿರುತ್ತಾನೆ. ನಾನು ಅಂಥ ಒಂದು ಗುಂಪಿನ ನಡುವೆ ಸಿಕ್ಕಿಕೊಂಡೆ. ತೊಡೆಗಳ ಮೇಲೆ ಟವೆಲು ಹಾಸಿ ಇಸ್ಪೀಟು ನಡೆದಿತ್ತು. ಒಬ್ಬರು ಸರ್ಕಾರಿ ಕಚೇರಿಯ ಗುಮಾಸ್ತೆ, ಒಬ್ಬರು ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸದವರು, ಇನ್ನೊಬ್ಬ ಹುಡುಗ ಪೀಣ್ಯದ ಯಾವುದೋ ಕಾರ್ಖಾನೆಯಲ್ಲಿ. ಪಕ್ಕದ ಸಾಲಿನಲ್ಲಿ ಇಬ್ಬರು ಹೆಂಗಸರು ನಾಳೆಯ ಹುರುಳಿಕಾಯಿ ಇವತ್ತೇ ಬಿಡಿಸಿ ಕವರಿಗೆ ಹಾಕಿಕೊಳ್ಳುತ್ತಿದ್ದರು. ಮನೆ ಮುಟ್ಟುವಷ್ಟರಲ್ಲಿ ಅರ್ಧ ಅಡುಗೆ ಮುಗಿದಿರಬೇಕು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರೆಲ್ಲ ಬಸ್ಸಿಗೆ ಹೋಗಿರಬೇಕಲ್ಲ ಎಂದೆ. ‘ಬಸ್ಸು ಪುಕ್ಸಟ್ಟೆ ಸರಿ, ಮೆಜೆಸ್ಟಿಕ್ ಬಿಟ್ಟು ಕೆಂಗೇರಿ ದಾಟೋಕೇ ಒಂದ್ ಗಂಟೆ ಬೇಕಲ್ಲ’ ಎಂದರು ಒಬ್ಬರು, ಕೈ ನಿಲ್ಲಿಸದೆ.

ಇವರ ನೆನಪಿನಲ್ಲಿ ಮದ್ದೂರು ಸ್ಟೇಷನ್ನಿನ ಚರಿತ್ರೆಯೇ ಬೇರೆ. ನನಗೆ 1917, 1993 ಮುಖ್ಯ. ಇವರಿಗೆ ಕೊರೊನಾ ಕಾಲ ಮುಖ್ಯ. ಆಗ ಪ್ಯಾಸೆಂಜರ್ ಗಾಡಿಗಳನ್ನು ಸ್ಪೆಷಲ್ ಎಂದು ಓಡಿಸಿ, ಹತ್ತು ರೂಪಾಯಿಯ ಕನಿಷ್ಠ ಟಿಕೆಟ್ಟನ್ನು ಮೂವತ್ತು ಮಾಡಿದ್ದರು. ಕೊರೊನಾ ಹೋದರೂ ಮೂವತ್ತು ಹೋಗಲಿಲ್ಲ, 2024ರ ಫೆಬ್ರವರಿಯ ತನಕ ಕಾಯಬೇಕಾಯಿತು. ಅದಕ್ಕೂ ಮೊದಲು ಪಾಸು ಕೊಡುವುದನ್ನೇ ನಿಲ್ಲಿಸಿದ್ದ ದಿನಗಳಿದ್ದವು. ಆಗ ಒಬ್ಬೊಬ್ಬರೂ ಹೇಗೆ ಕೆಲಸಕ್ಕೆ ಹೋದರು, ಯಾರ ಬೈಕಿನಲ್ಲಿ ಹೋದರು, ಯಾರ ಕೆಲಸ ಹೋಯಿತು ಎಂಬುದನ್ನು ಎಲೆ ಹಾಕುತ್ತಲೇ ಹೇಳಿದರು.

ನನ್ನ ಲೆಕ್ಕವನ್ನು ಅವರ ಮುಂದೆ ಇಟ್ಟೆ. ಮದ್ದೂರಿನಲ್ಲಿ ರೈಲು ಈಗ ನಿಲ್ಲುವುದೇ ಇಲ್ಲವಲ್ಲ, ಸ್ಟೇಷನ್ನಿನ ಕಳೆಯೇ ಹೋಯಿತಲ್ಲ, ಮೊದಲೆಲ್ಲ ಕ್ರಾಸಿಂಗಿಗೆ ಅಂತ ನಿಂತಾಗ ಎಷ್ಟು ಗಲಗಲ ಅನ್ನುತ್ತಿತ್ತು ಅಂತ. ಗುಮಾಸ್ತೆಯವರು ಮದ್ದೂರಿನವರೇ, ಊರು ಇನ್ನೂ ಒಳಗೆ ಕೊಪ್ಪದ ಕಡೆ. ಎಲೆಗಳ ಮೇಲಿಂದ ನನ್ನನ್ನೇ ನೋಡಿದರು.

‘ಗಲಗಲ ಅಂತಿದ್ದೋರು ಯಾರು ಸಾ? ಬೆಂಗ್ಳೂರೋರು, ಮೈಸೂರೋರು. ನಾವು ಆವಾಗ ಸ್ಟೇಷನ್ ಕಡೆ ಹೋಗ್ತಿದ್ದದ್ದೇ ಕಮ್ಮಿ. ನಮ್ಮಪ್ಪ ಇಡೀ ಜೀವ್ಮಾನದಲ್ಲಿ ರೈಲು ಹತ್ತಿದ್ದು ಬೆರಳೆಣಿಕೆ. ರೈಲು ನಂಬ್ಕೊಂಡು ಬೆಂಗ್ಳೂರಲ್ಲಿ ಕೆಲ್ಸ ಮಾಡಕ್ಕಾಯ್ತಿತ್ತಾ? ಎಲ್ಲಿ ಯಾವ ಕ್ರಾಸಿಂಗೋ, ಯಾವತ್ತು ಎಷ್ಟೊತ್ತಿಗೋ.’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಬೇಸಿಗೆಯ ಪ್ಲಾಟ್‌ಫಾರಮನ್ನು ಮತ್ತೆ ನೆನಪು ಮಾಡಿಕೊಂಡೆ. ಅಲ್ಲಿ ಹತ್ತಲು ನಿಂತವರು ಯಾರಾದರೂ ಇದ್ದರೇ? ನೆನಪಿಗೆ ಬರುವುದೆಲ್ಲ ಮಾರುವವರು, ಕೆಲಸದವರು, ಮತ್ತೆ ನಮ್ಮ ಹಾಗೆ ನಿಂತ ಗಾಡಿಯಿಂದ ಇಳಿದು ಸೊಂಟ ಸಡಿಲಿಸುತ್ತಿದ್ದ ಪರಊರಿನವರು. ಊರಿನವರ ಪಾಲಿಗೆ ಅದು ಪರಊರಿನವರ ಸಂತೆ. ಈಗ ಸಂತೆ ಎದ್ದಿದೆ, ಆದರೆ ಬೆಳಗಾದರೆ ಆ ಪ್ಲಾಟ್‌ಫಾರಂನಲ್ಲಿ ಟಿಫನ್ ಬಾಕ್ಸ್ ಹಿಡಿದು ನಿಲ್ಲುವವರು ಮದ್ದೂರಿನವರು, ಮಳವಳ್ಳಿಯವರು, ಕೆಸ್ತೂರಿನವರು, ಕೊಪ್ಪದವರು. ನೂರಾನಲವತ್ತು ವರ್ಷದ ಸ್ಟೇಷನ್ನು ಈಗಷ್ಟೇ ಊರಿನವರ ಕೈಗೆ ಸಿಕ್ಕಿದೆ ಎಂದರೂ ನಡೆದೀತು. ವಡೆಯ ನಷ್ಟ ನಿಜ. ಆ ನಷ್ಟವನ್ನು ನಾನು ಮದ್ದೂರಿನ ನಷ್ಟ ಎಂದು ಕರೆಯುತ್ತಿದ್ದೆ. ಅದರಲ್ಲಿ ನನ್ನ ಪಾಲೂ ಸ್ವಲ್ಪ ದೊಡ್ಡದೇ ಇತ್ತು.

ಹಾಗಂತ ಇವರಿಗೆ ತೃಪ್ತಿ ಇದೆ ಎಂದಲ್ಲ. ನಿಮಿಷಗಳನ್ನು ಉಳಿಸಿದ್ದು ದೂರದವರಿಗಾಗಿ ಎಂಬುದು ಅವರಿಗೂ ಗೊತ್ತು. ಮುಂದೆ ಹೋಗುವ ದೊಡ್ಡ ಗಾಡಿಗೆ ದಾರಿ ಬಿಡಲು ಊರೂರಿನಲ್ಲಿ ನಿಲ್ಲುವ ಮೆಮು ಗಾಡಿಯನ್ನು ಹಿಡಿದು ನಿಲ್ಲಿಸುವುದು ಈಗಲೂ ಇದೆ, ಜೋಡಿ ಹಳಿ ಇದ್ದರೂ. ಹಿಂದೆ ಎದುರು ಗಾಡಿಗೆ ಕಾಯುತ್ತಿದ್ದರು, ಈಗ ಹಿಂದಿನಿಂದ ಬರುವ ಗಾಡಿಗೆ. ‘ಅದ್ರಾಗೆ ಕೂತಿರೋರಿಗೆ ಅವಸ್ರ ಜಾಸ್ತಿ, ನಮ್ಗಿಲ್ಲ’ ಎಂದ ಪೀಣ್ಯದ ಹುಡುಗ.

‘ಮತ್ತೆ ಮದ್ದೂರಲ್ಲಿ ಇನ್ನೆರಡು ನಿಮಿಷ ನಿಲ್ಲಿಸ್ಲಿ ಅಂತ ನೀವೂ ಕೇಳ್ಬೋದಲ್ಲ’ ಎಂದೆ, ಸೋಲೊಪ್ಪಿಕೊಳ್ಳಲು ಮನಸ್ಸಿಲ್ಲದೆ.

‘ಬ್ಯಾಡ ಸಾ’ ಎಂದರು ಗುಮಾಸ್ತೆಯವರು. ‘ಸ್ಟೇಷನ್ನಿಂದ ಬಸ್ ಸ್ಟಾಂಡಿಗೆ ಓಡ್ಬೇಕು. ಆ ಎರಡು ನಿಮ್ಷ ಇಲ್ಲಿ ನಿಂತ್ರೆ ಅಲ್ಲಿ ನಮ್ಮೂರ್ ಬಸ್ಸು ಹೊಂಟೋಯ್ತದೆ. ಆಮೇಲಿರೋದು ಒಂಬತ್ತೂವರೆಗೆ.’

ಶೆಟ್ಟಿಹಳ್ಳಿ ದಾಟುತ್ತಿದ್ದ ಹಾಗೆ ಮದ್ದೂರಿನವರೆಲ್ಲ ಎದ್ದು ಬಾಗಿಲ ಕಡೆ ಸಾಲು ನಿಂತರು. ಹುರುಳಿಕಾಯಿಯ ಕವರು ಬ್ಯಾಗು ಸೇರಿತು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಅರ್ಧ ಜನ ಇಳಿದಿದ್ದರು. ಟವೆಲಿನ ಮೇಲೆ ಆಟ ಅರ್ಧಕ್ಕೇ ಇತ್ತು. ಮಂಡ್ಯದವರಿಬ್ಬರು ಉಳಿದಿದ್ದರು. ಗುಮಾಸ್ತೆಯವರು ಬಿಟ್ಟು ಹೋದ ಎಲೆಗಳನ್ನು ಒಬ್ಬ ಎತ್ತಿ ನನ್ನ ಕೈಗೆ ಕೊಟ್ಟು ‘ಬರ್ತದಲ್ವಾ ಸಾ?’ ಎಂದ. ಎಲೆ ಬಿಡಿಸಿ ನೋಡಿದೆ. ಮನುಷ್ಯ ಒಂದೂ ಜೋಕರ್ ಇಲ್ಲದೆ ಅಷ್ಟು ಹೊತ್ತು ಗತ್ತಿನಲ್ಲಿ ಕೂತಿದ್ದ.